ಒಲೆಗೆ ಹೋಗಬೇಕಿದ್ದ ಮರ

ನಾನು ಮಾಡಿದ ಪೆಟ್ಟಿಗೆ, ಟ್ರೇ, ಸ್ಟೂಲು ನೋಡಿದವರು ಹೇಗೆ ಮಾಡಿದೆ ಅಂತ ಕೇಳುವುದು ಕಡಿಮೆ. ಮರ ಎಲ್ಲಿ ಸಿಕ್ತು ಅಂತಲೇ ಕೇಳುತ್ತಾರೆ. ಸಾಮಿಲ್ಲಿನ ಸೌದೆ ರಾಶಿಯಲ್ಲಿ ಅಂದರೆ ನಗುತ್ತಾರೆ. ಇವನು ಅಂಗಡಿಯ ಹೆಸರು ಬಾಯಿ ಬಿಡ್ತಿಲ್ಲ ಅಂತ ಅವರ ಲೆಕ್ಕ. ಬೆಂಗಳೂರಿನ ಗೆಳೆಯನೊಬ್ಬ ತನ್ನ ಊಟದ ಮೇಜು ತೋರಿಸಿ, "ನೂರೈವತ್ತು ವರ್ಷದ ಬರ್ಮಾ ಟೀಕ್, ಚೆಟ್ಟಿನಾಡು ಮನೆದು" ಅಂದ. ರೇಟು ಕೇಳಿ ನಾನು ಸುಮ್ಮನಾದೆ. ಮೇಜು ಚೆನ್ನಾಗಿಯೇ ಇತ್ತು. ಆದರೆ ಅದು ನಾರಿನ ಎಳೆ ನೇರ ಇರುವ ಸಾದಾ ಹಲಗೆ. ಅವನು ದುಡ್ಡು ಕೊಟ್ಟಿದ್ದು ಕಥೆಗೆ. ನನ್ನ ಶೆಡ್ಡಿನಲ್ಲಿರುವ ಹಲಸಿನ ಕವಲು ಹಲಗೆಗೆ ಹೇಳಿಕೊಳ್ಳುವಂಥ ಕಥೆ ಇಲ್ಲ. ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಮಾತ್ರ ನವಿಲು ಗರಿ ಬಿಚ್ಚಿದ ಹಾಗೆ ಕಾಣುತ್ತದೆ. ಅದನ್ನು ನಾನು ತಂದಿದ್ದು ಸೌದೆಯ ರೇಟಿಗೆ, ತೂಕಕ್ಕೆ ಹಾಕಿಸಿ. ಮರಕ್ಕೆ ಬೆಲೆ ಕಟ್ಟುವವರು ಏನು ನೋಡಿ ಕಟ್ಟುತ್ತಾರೆ ಅನ್ನುವುದು ಆಗಿನಿಂದ ತಲೆ ತಿನ್ನುತ್ತಿದೆ.

ನೇರ ಇದ್ದರೆ ನಾಟಾ, ಇಲ್ಲದಿದ್ದರೆ ಸೌದೆ

ದಾಂಡೇಲಿಯದೋ ಕಿರವತ್ತಿಯದೋ ಸರ್ಕಾರಿ ಮರದ ಡಿಪೋ ಒಮ್ಮೆ ನೋಡಬೇಕು. ಸಾಗುವಾನಿ, ಮತ್ತಿ, ನಂದಿ, ಹೊನ್ನೆ, ಜಂಬೆ ದಿಮ್ಮಿಗಳು ಸಾಲಾಗಿ ಮಲಗಿರುತ್ತವೆ. ಪ್ರತಿ ದಿಮ್ಮಿಯ ತುದಿಯಲ್ಲಿ ನಂಬರು, ಇಲಾಖೆಯ ಸುತ್ತಿಗೆ ಗುರುತು. ಹರಾಜು ಈಗ ಆನ್‌ಲೈನ್ ಆಗಿದೆ. ಆದರೂ ದಿಮ್ಮಿಯನ್ನು ಕಣ್ಣಾರೆ ನೋಡದೆ, ತಟ್ಟದೆ ಬೆಲೆ ಕೂಗುವ ವ್ಯಾಪಾರಿ ಕಡಿಮೆ. ಅವನಿಗೆ ಬೇಕಾಗಿದ್ದು ಮೂರೇ. ಉದ್ದ ಇರಬೇಕು, ದಪ್ಪ ಇರಬೇಕು, ನೇರ ಇರಬೇಕು. ಅಳತೆಯ ಲೆಕ್ಕವೂ ಅದಕ್ಕೇ ಹೊಂದಿಕೊಂಡಿದೆ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದಿದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುತ್ತಾರೆ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜವಾಗಿ ಅದರಲ್ಲಿ 12.7 ಘನ ಅಡಿಯಷ್ಟು ಮರ ಇರುತ್ತದೆ. ದುಂಡನೆಯ ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಮರಕ್ಕೆ ಮೊದಲೇ ವಿನಾಯಿತಿ ಕೊಟ್ಟ ಹಾಗಾಯಿತು. ಈ ಲೆಕ್ಕ ಮಾಡಿದವರ ತಲೆಯಲ್ಲಿ ಇದ್ದದ್ದು ತೊಲೆ, ಜಂತೆ, ಬಾಗಿಲ ಚೌಕಟ್ಟು. ಕೊಂಬೆ ಎರಡಾಗಿ ಒಡೆಯುವ ಜಾಗಕ್ಕೆ ಟೇಪು ಎಲ್ಲಿ ಸುತ್ತುತ್ತೀರಿ? ಹಾಗಾಗಿ ಕವಲಿನ ಕೆಳಗೆ ಗರಗಸ ಇಡುತ್ತಾರೆ. ಕೆಳಗಿನದು ನಾಟಾ, ಅಂದರೆ ಕೆಲಸಕ್ಕೆ ಬರುವ ಮರ. ಮೇಲಿನದು ಸೌದೆ.

ಇದು ದಡ್ಡತನ ಅಂತ ನಾನು ಹೇಳಲಾರೆ. ಮಾಡಿನ ಭಾರ ಹೊರುವ ತೊಲೆಯಲ್ಲಿ ಎಳೆ ನೇರ ಇರಲೇಬೇಕು. ಕವಲು, ಗಂಟು, ತಿರುಚಿದ ಎಳೆ ಇದ್ದರೆ ಅಲ್ಲೇ ಮುರಿಯುತ್ತದೆ. ನನಗೆ ಬೇಕಾಗಿರುವುದು ಅದೇ ಮುರಿಯುವ ಜಾಗ. ಎರಡು ಕೊಂಬೆ ಬೆಳೆಯುತ್ತಾ ಒಂದನ್ನೊಂದು ಒತ್ತಿದಾಗ ಮಧ್ಯದ ನಾರು ಸುರುಟಿ, ಹೆಣೆದುಕೊಂಡು ನಿಲ್ಲುತ್ತದೆ. ಕವಲಿನ ಸರಿಯಾಗಿ ನಡುವೆ ಸೀಳಿದರೆ ಆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಎರಡು ಇಂಚು ಆಚೀಚೆ ಸೀಳಿದರೆ ಏನೂ ಇಲ್ಲ, ಬರೀ ಸೊಟ್ಟ ಹಲಗೆ. ಕಾಂಡದ ಮೇಲೆ ಊದಿಕೊಂಡ ದೊಡ್ಡ ಗಂಟಿನಲ್ಲಿ ಬೇರೆ ಕಥೆ. ಮೊಳಕೆಯೊಡೆಯದ ಸಾವಿರಾರು ಕಣ್ಣುಗಳು ಅದರೊಳಗೆ ಕೂತಿರುತ್ತವೆ. ಅವುಗಳ ಸುತ್ತ ಎಳೆ ಸುಳಿ ಸುತ್ತುತ್ತದೆ.

ಇಂಥ ಹಲಗೆಯನ್ನು ನಮ್ಮ ಆಚಾರ್ರ ಕೈಗೆ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಹತ್ತರಿ ಹೊಡೆದರೆ ಒಂದು ಕಡೆ ನುಣುಪು, ಪಕ್ಕದಲ್ಲೇ ಕಿತ್ತು ಬರುತ್ತದೆ. ಎಳೆ ಯಾವ ದಿಕ್ಕಿಗೆ ಅಂತಲೇ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು ಅವರಿಗೂ ಗೊತ್ತು. ಒಡೆದ ಗಾಜಿನ ಚೂರನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಮುಂದಕ್ಕೆ ವಾಲಿಸಿ ಕೆರೆಯುವುದು. ಹಾಳೆಯಷ್ಟು ತೆಳು ಸಿಪ್ಪೆ ಬರುತ್ತದೆ, ಕೀಳುವುದಿಲ್ಲ. ಈಗ ನಾನು ಉಕ್ಕಿನ ತಗಡು ಬಳಸುತ್ತೇನೆ. ಕೆಲಸ ಅದೇ. ಆದರೆ ಒಂದು ಕಿಟಕಿ ಮಾಡುವ ಹೊತ್ತಲ್ಲಿ ಒಂದು ಹಲಗೆ ಕೆರೆಯುತ್ತಾ ಕೂತರೆ ಆಚಾರ್ರ ಹೊಟ್ಟೆ ತುಂಬಬೇಕಲ್ವಾ? ಹುಚ್ಚು ಎಳೆಯ ಬೆಲೆ ಮೊದಲಿಂದ ಗೊತ್ತಿದ್ದವರು ಅಂದರೆ ಮೈಸೂರಿನ ಇನ್‌ಲೇ ಕೆಲಸದವರು. ಬೀಟೆ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸುವಾಗ, ನೀರು, ಮೋಡ, ಬೆಟ್ಟ ತೋರಿಸುವುದಕ್ಕೆ ಅವರು ಮರದ ಎಳೆಯನ್ನೇ ಬಳಸುತ್ತಾರೆ. ಅಂಗೈಯಗಲದ ಚೂರಿಗಾಗಿ ಇಡೀ ರಾಶಿ ಮಗುಚುತ್ತಾರೆ.

ಪ್ಯಾಕಿಂಗ್ ಕೇಸಿನ ಮರ

ಸಿಲ್ವರ್ ಓಕ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚಿಕ್ಕಮಗಳೂರು, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟು, ಮೈಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಮರ. ಊರು ಆಸ್ಟ್ರೇಲಿಯ. ಬೇಗ ಬೆಳೆಯುತ್ತದೆ, ಕಡಿದು ಸಾಗಿಸಲು ಕಾಗದಪತ್ರದ ತಲೆನೋವು ಕಡಿಮೆ. ದಿಮ್ಮಿಗಳು ಪ್ಲೈವುಡ್ ಕಾರ್ಖಾನೆಗೆ, ಪ್ಯಾಕಿಂಗ್ ಕೇಸಿಗೆ ಹೋಗುತ್ತವೆ. ಮಲೆನಾಡಿನಲ್ಲಿ ಯಾರನ್ನಾದರೂ ಕೇಳಿ, ಅದು ಮರವೇ ಅಲ್ಲ ಅನ್ನುತ್ತಾರೆ.

ಕೊಪ್ಪದ ಕಡೆಯ ಒಂದು ಸಾಮಿಲ್ಲಿನಲ್ಲಿ ನಾನು ದಪ್ಪದೊಂದು ಸಿಲ್ವರ್ ಓಕ್ ದಿಮ್ಮಿ ಆರಿಸಿ, ಮೊದಲು ಉದ್ದಕ್ಕೆ ನಾಲ್ಕು ಭಾಗ ಮಾಡಿ, ಆಮೇಲೆ ಪ್ರತಿ ಭಾಗವನ್ನೂ ನಡುವಿನಿಂದ ತೊಗಟೆಯ ಕಡೆಗೆ ಹೋಗುವ ಹಾಗೆ ಸೀಳಿಕೊಡಿ ಅಂದೆ. ಸಾಹುಕಾರರು ಲೆಕ್ಕ ಬರೆಯುವ ರೈಟರ ಮುಖ ನೋಡಿದರು. ರೈಟರು ನನ್ನ ಮುಖ ನೋಡಿದರು. "ಮಾರಾಯ್ರೆ, ಹಾಗೆ ಸೀಳಿದ್ರೆ ಅರ್ಧ ಮರ ಬೆಣೆಯಾಗಿ ಹೋಗ್ತದೆ. ಕೂಲಿ ಡಬಲ್. ಸಿಲ್ವರಿಗೆ ಯಾರಾದ್ರೂ ಇಷ್ಟು ಮಾಡ್ತಾರಾ?" ಕೂಲಿ ಡಬಲ್ ಕೊಡ್ತೀನಿ ಅಂದ ಮೇಲೆ ದಿಮ್ಮಿ ಟ್ರಾಲಿ ಏರಿತು. ಮೊದಲ ಎರಡು ಸೀಳಿನಲ್ಲಿ ಏನೂ ಕಾಣಲಿಲ್ಲ, ತೆಳು ಕಂದು ಬಣ್ಣದ ಒದ್ದೆ ಮರ. ಕಾಲು ಭಾಗವನ್ನು ಮಗುಚಿ ಇಟ್ಟು ಮೊದಲ ಹಲಗೆ ತೆಗೆದಾಗ ಬ್ಯಾಂಡ್‌ಸಾ ಹತ್ತಿರ ನಿಂತಿದ್ದ ಹುಡುಗನೇ ಮೊದಲು ನೋಡಿದ್ದು. ಹಲಗೆಯ ತುಂಬ ಬೆರಳುಗುರಿನಷ್ಟು ಅಗಲದ ಹೊಳೆಯುವ ಚಕ್ಕೆಗಳು, ಒತ್ತೊತ್ತಾಗಿ. ವಾಲಿಸಿದರೆ ಹೊಳಪು ಒಂದು ಚಕ್ಕೆಯಿಂದ ಇನ್ನೊಂದಕ್ಕೆ ಓಡುತ್ತಿತ್ತು. ಹುಡುಗ ಮೆಷಿನ್ ನಿಲ್ಲಿಸಿ ಹಲಗೆ ಎತ್ತಿ ಬಾಗಿಲ ಬೆಳಕಿಗೆ ಹಿಡಿದ. ಸಾಹುಕಾರರು ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದರು. "ಇಷ್ಟು ವರ್ಷ ಇದನ್ನ ಪೆಟ್ಟಿಗೆಗೆ ಕೊಟ್ವಲ್ಲ" ಅಂದವರು ಮರುಕ್ಷಣವೇ, "ಆದ್ರೂ ತಗೊಳ್ಳೋರು ಯಾರು?" ಅಂತ ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ನಡೆದಿದ್ದು ಇಷ್ಟೇ. ಮರದ ನಡುವಿನಿಂದ ತೊಗಟೆಯ ಕಡೆಗೆ ಆಹಾರ ಸಾಗಿಸುವ ಪಟ್ಟಿಗಳಿರುತ್ತವೆ. ಎಲ್ಲ ಮರದಲ್ಲೂ ಇವೆ, ಬಹಳಷ್ಟರಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ. ಸಿಲ್ವರ್ ಓಕಿನಲ್ಲಿ ದೊಡ್ಡವು. ಆ ಪಟ್ಟಿಯ ಜೊತೆಗೇ ಗರಗಸ ಹೋದರೆ ಅದರ ಮೈ ಅಗಲಕ್ಕೆ ತೆರೆಯುತ್ತದೆ. ಪ್ಲೈವುಡ್ಡಿಗೆ ದಿಮ್ಮಿಯನ್ನು ತಿರುಗಿಸುತ್ತಾ ಸುತ್ತಲೂ ಸುಲಿಯುತ್ತಾರಲ್ಲ, ಆಗ ಪಟ್ಟಿಯ ತುದಿ ಮಾತ್ರ ಕಾಣುತ್ತದೆ, ಸಣ್ಣ ಗೆರೆಯಾಗಿ. ಹೊರದೇಶದಲ್ಲಿ ಇದೇ ಮರಕ್ಕೆ ಲೇಸ್‌ವುಡ್ ಅನ್ನುವ ಹೆಸರಿದೆ, ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಇದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಬರುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಬರ್ಮಾ ನೋಡದ ತೊಲೆ

ಈಗ ಹಳೇ ಮನೆ ಮರಕ್ಕೆ ಬರುತ್ತೇನೆ. ಇದರ ಬಗ್ಗೆ ನನ್ನ ಮನಸ್ಸು ಅಷ್ಟು ಸಲೀಸಾಗಿಲ್ಲ. ತೀರ್ಥಹಳ್ಳಿ ಕಡೆ ಅಡಿಕೆ ತೋಟದವರ ಒಂದು ದೊಡ್ಡ ಮನೆ ಬಿಚ್ಚುತ್ತಿದ್ದಾರೆ ಅಂತ ಗೊತ್ತಾಗಿ ಹೋಗಿದ್ದೆ. ಅಣ್ಣತಮ್ಮಂದಿರಲ್ಲಿ ಪಾಲಾಗಿತ್ತು. ಹಿರಿಯರೊಬ್ಬರೇ ಊರಿನಲ್ಲಿ ಉಳಿದಿದ್ದರು, ಪಕ್ಕದಲ್ಲಿ ತಾರಸಿ ಮನೆ ಎದ್ದಿತ್ತು. ಮನೆಯ ಮರವನ್ನು ಒಟ್ಟಾಗಿ ಒಬ್ಬ ಕಂಟ್ರಾಕ್ಟರು ಹಿಡಿದಿದ್ದ. ಹೆಂಚು ಕೈಯಿಂದ ಕೈಗೆ ಇಳಿದು ಅಂಗಳದಲ್ಲಿ ಅಟ್ಟಿಯಾಗಿತ್ತು. ರೀಪು, ಪಕಾಸು ಕೆಳಗೆ ಬಂದಿದ್ದವು. ಜಗಲಿಯ ಕೆತ್ತನೆ ಕಂಬಗಳು, ದೊಡ್ಡ ಬಾಗಿಲು, ಚೌಕಟ್ಟು ಆಗಲೇ ಗೋಣಿಚೀಲ ಸುತ್ತಿಕೊಂಡು ಲಾರಿಗೆ ಕಾಯುತ್ತಿದ್ದವು. ಅವು ಯಾವುದೋ ರೆಸಾರ್ಟಿಗೆ. ಅಡಿಗೆ ಮನೆಯ ಮೇಲಿದ್ದ ಮೆತ್ತಿನ, ಅಂದರೆ ಅಟ್ಟದ, ಹಲಗೆಗಳನ್ನು ಮಾತ್ರ ಕೇಳುವವರಿರಲಿಲ್ಲ. ಹೊಗೆ ಕುಡಿದು ಕಾಡಿಗೆಯಷ್ಟು ಕಪ್ಪು. ಮೇಲೆ ಗೇರೆಣ್ಣೆಯ ಹಳೇ ಪದರ. ನಾನು ಚಾಕುವಿನಿಂದ ಒಂದು ಮೂಲೆ ಕೆರೆದೆ. ಒಳಗೆ ಜೇನಿನ ಬಣ್ಣ. ಹೆಬ್ಬಲಸು, ಕಾಡಿನ ಹಲಸು. ಅಗಲ ಒಂದೂವರೆ ಅಡಿಗಿಂತ ಜಾಸ್ತಿ, ಒಂದೇ ಹಲಗೆ. ಒಲೆಯ ಹೊಗೆ ಇದ್ದಲ್ಲಿಗೆ ಕುಟ್ಟೆ ಹುಳು ಬರುವುದಿಲ್ಲ, ಒಂದೇ ಒಂದು ತೂತಿರಲಿಲ್ಲ.

ಹಿರಿಯರು ಕೈಯಲ್ಲಿ ಕವಳದ ಸಂಚಿ ಹಿಡಿದುಕೊಂಡು ಹಿಂದೆಯೇ ಬಂದರು. ಅವರಿಗೆ ಪ್ರತಿ ಮರದ ಜಾತಕ ಗೊತ್ತಿತ್ತು. ಆ ತೊಲೆ ಕಿರಾಲುಬೋಗಿ, ಈ ಕಂಬ ಹಲಸು, ಬಾಗಿಲು ಮಾತ್ರ ಸಾಗುವಾನಿ, ಮೆತ್ತಿನ ಹಲಗೆ ನಮ್ಮ ಸೊಪ್ಪಿನ ಬೆಟ್ಟದ್ದೇ ಹೆಬ್ಬಲಸು. ಅಷ್ಟರಲ್ಲಿ ಅಂಗಳದ ಆ ತುದಿಯಲ್ಲಿ ಕಂಟ್ರಾಕ್ಟರು ಫೋನಿನಲ್ಲಿ ಯಾರಿಗೋ ಜೋರಾಗಿ ಹೇಳುತ್ತಿದ್ದ: "ಹೌದು ಸಾರ್, ಪೂರ್ತಿ ಬರ್ಮಾ ಟೀಕ್ ಮನೆ ಸಾರ್." ಹಿರಿಯರು ಕವಳ ಉಗಿದು, "ನಮ್ಮಪ್ಪ ಶಿವಮೊಗ್ಗ ದಾಟಿದವನಲ್ಲ ಮಾರಾಯ" ಅಂದರು. ಕಂಟ್ರಾಕ್ಟರು ಫೋನಿಗೆ ಕೈ ಅಡ್ಡ ಹಿಡಿದು, "ಯಜಮಾನ್ರೇ, ನೀವೊಂದ್ಸಲ್ಪ ಸುಮ್ನಿರಿ" ಅಂದ. ಹಲಗೆಗಳನ್ನು ನನಗೆ ಕೊಟ್ಟಾಗಲೂ ಕಡಿಮೆಗೇ ಕೊಟ್ಟ. ಕೆತ್ತನೆ ಇಲ್ಲ, ಕಪ್ಪು ಬೇರೆ, ನೀವೇ ತಗೊಳ್ಳಿ ಅಂದ.

ಹಳೇ ಮರವೆಲ್ಲ ಬರ್ಮಾದ್ದಾಗುವುದು ಹೀಗೆ. ಬರ್ಮಾದಿಂದ ತೇಗ ಬಂದದ್ದು ಸುಳ್ಳಲ್ಲ, ತಮಿಳುನಾಡಿನ ಕಾರೈಕುಡಿಯ ಚೆಟ್ಟಿಯಾರರ ಮನೆಗಳ ಕಂಬ ನೋಡಿದರೆ ಗೊತ್ತಾಗುತ್ತದೆ. ಬರ್ಮಾ, ಅಂದರೆ ಈಗಿನ ಮ್ಯಾನ್ಮಾರ್, 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಆ ಹೆಸರಿನ ತೂಕ ಇನ್ನೂ ಏರಿದೆ. ಆದರೆ ಬರ್ಮಾ ತೇಗವೂ ದಾಂಡೇಲಿಯ ಸಾಗುವಾನಿಯೂ ಒಂದೇ ಜಾತಿ. ಹಳೇ ಹಲಗೆಯೊಂದನ್ನು ಕೈಗೆ ಕೊಟ್ಟು ಎಲ್ಲಿಯದು ಹೇಳು ಅಂದರೆ ಬರಿಗಣ್ಣಲ್ಲಿ ಹೇಳುತ್ತೇನೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ತೇಗವೋ ಬೇರೆಯೋ ಅನ್ನುವುದನ್ನಾದರೂ ನೋಡಿಕೊಳ್ಳಬಹುದು. ಮೂಲೆಯಲ್ಲಿ ಹೊಸದಾಗಿ ಕೆರೆದರೆ ತೇಗ ಚರ್ಮದಂಥ ವಾಸನೆ ಹೊಡೆಯುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ. ಮತ್ತಿ ಎತ್ತಿದರೇ ಗೊತ್ತಾಗುತ್ತದೆ, ಅಷ್ಟು ಭಾರ. ಹೊನ್ನೆಗೆ ಚಂದದ ಪರೀಕ್ಷೆ ಇದೆ: ಚಿಟಿಕೆ ಸಿಪ್ಪೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರಿನ ಅಂಚು ನೀಲಿಯಾಗಿ ಮಿನುಗುತ್ತದೆ. ಇನ್ನು ರೈಲ್ವೆ ಸ್ಲೀಪರು ಅಂತ ಮಾರುವ ದಪ್ಪ ತುಂಡುಗಳು ಬೇಡವೇ ಬೇಡ. ಕೊಳೆಯದಿರಲಿ ಅಂತ ಅವಕ್ಕೆ ಕ್ರಿಯೋಸೋಟ್ ಕುಡಿಸಿರುತ್ತಾರೆ. ಮನೆಯೊಳಗೆ, ಅದೂ ಊಟದ ಮೇಜಿಗೆ, ಆ ಟಾರಿನೆಣ್ಣೆ ಯಾಕೆ?

ಮನಸ್ಸು ಸಲೀಸಾಗಿಲ್ಲ ಅಂದೆನಲ್ಲ, ಕಾರಣ ಇದು. ಬೀಳುವ ಮನೆಯ ಮರ ಒಲೆಗೆ ಹೋಗುವುದಕ್ಕಿಂತ ಯಾರದೋ ಮೇಜಾಗುವುದು ಒಳ್ಳೆಯದೇ. ಆದರೆ ಈಗ ಕಂಟ್ರಾಕ್ಟರುಗಳು ಬೀಳದ ಮನೆಯ ಅಂಗಳಕ್ಕೂ ಹೋಗುತ್ತಾರೆ. ಕಂಬಕ್ಕೆ ಇಷ್ಟು, ಬಾಗಿಲಿಗೆ ಇಷ್ಟು ಅಂತ ಮೊದಲೇ ಹೇಳಿ ಬರುತ್ತಾರೆ. ಹೆಂಚು ತೇಪೆ ಹಾಕಿಸುವ ದುಡ್ಡಿಲ್ಲದವರಿಗೆ ಆ ಮಾತು ಕಿವಿಯಲ್ಲಿ ಕೂತೇ ಇರುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹೆರಿಟೇಜ್ ವಿಲೇಜ್ ನೋಡಿದವರಿಗೆ ಗೊತ್ತು, ಅವರು ಬಿಚ್ಚಿದ ಮನೆಯನ್ನು ಮನೆಯಾಗಿಯೇ ಮತ್ತೆ ನಿಲ್ಲಿಸಿದರು. ಕಂಬ ಎಲ್ಲಿತ್ತೋ ಅಲ್ಲೇ, ಜಗಲಿ ಜಗಲಿಯಾಗಿಯೇ. ರೆಸಾರ್ಟಿನ ರಿಸೆಪ್ಷನ್ನಿನಲ್ಲಿ ಯಾವ ಭಾರವನ್ನೂ ಹೊರದೆ ನಿಂತಿರುವ ಕಂಬ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಅದಕ್ಕೇ ಈಗೀಗ ಹಳೇ ಮನೆಯ ಸುದ್ದಿ ಬಂದರೆ, ಬಿಚ್ಚುವುದು ತೀರ್ಮಾನ ಆಗಿ ಹೋಗಿದೆಯಾ ಅಂತ ಮೊದಲು ಕೇಳುತ್ತೇನೆ. ಆಗಿದ್ದರೆ ಮಾತ್ರ ಹೋಗುತ್ತೇನೆ, ಅದೂ ಕೆತ್ತನೆ ಇಲ್ಲದ್ದನ್ನು ಕೇಳಿಕೊಂಡು.

ಬಿದ್ದ ಮರಗಳು

ಬೆಂಗಳೂರಿನವರು ಮರ ಹುಡುಕಿಕೊಂಡು ಮಲೆನಾಡಿಗೆ ಬರುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಅವರ ರಸ್ತೆಯ ಮೇಲೆಯೇ ಪ್ರತಿ ಏಪ್ರಿಲ್, ಮೇ ಮಳೆಗೆ ಮಳೆ ಮರಗಳು (ರೈನ್ ಟ್ರೀ) ಉರುಳುತ್ತವೆ. ಅದು ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮರ. ಹೊರಗೆ ತೆಳು ಹಳದಿ ಬಿಳಿ, ಒಳಗೆ ಗಾಢ ಕಂದು, ನಡುವೆ ಕಪ್ಪು ಗೆರೆಗಳು. ಕೊಂಬೆ ಅಡ್ಡಡ್ಡ ಹರಡಿಕೊಂಡು ಬೆಳೆಯುವುದರಿಂದ ಕವಲಿಗೇನೂ ಬರ ಇಲ್ಲ. ಹವಾಯಿಯಲ್ಲಿ ಇದನ್ನೇ ಮಂಕಿಪಾಡ್ ಅಂತ ಕರೆದು ಬಟ್ಟಲು ಕಡೆದು ಮಾರುತ್ತಾರೆ. ಇಂಡೋನೇಷ್ಯಾದಿಂದ ಸುವಾರ್ ಅನ್ನುವ ಹೆಸರಿನಲ್ಲಿ ಒಂದೇ ಹಲಗೆಯ ದೊಡ್ಡ ಮೇಜಾಗಿ ಹಡಗು ಹತ್ತುತ್ತದೆ. ನಮ್ಮಲ್ಲಿ ರಸ್ತೆ ತೆರವು ಮಾಡುವವರು ಎರಡೆರಡು ಅಡಿಗೆ ಕೊಯ್ದು ಲಾರಿಗೆ ಎಸೆಯುತ್ತಾರೆ. ರಾತ್ರಿಯೊಳಗೆ ಟ್ರಾಫಿಕ್ ಬಿಡಬೇಕು, ಅವರನ್ನು ದೂರಿ ಏನು ಪ್ರಯೋಜನ. ಎರಡಡಿ ತುಂಡಿನಲ್ಲಿ ಮೇಜು ಆಗುವುದಿಲ್ಲ, ಆದರೆ ಪೆಟ್ಟಿಗೆ, ಬಟ್ಟಲು, ಸ್ಟೂಲಿನ ಮಣೆ ಧಾರಾಳ ಆಗುತ್ತದೆ.

ಬೀದಿ ಮರಕ್ಕೆ ಒಂದೇ ಶಾಪ, ಮೊಳೆ. ಟ್ಯೂಷನ್ ಬೋರ್ಡು, ಬಾಡಿಗೆಗಿದೆ ಬೋರ್ಡು, ಕೇಬಲ್ಲಿನ ಕೊಕ್ಕೆ, ಎಲ್ಲದಕ್ಕೂ ಹೊಡೆದ ಮೊಳೆಯ ಮೇಲೆ ಮರ ಬೆಳೆದು ನುಂಗಿಬಿಟ್ಟಿರುತ್ತದೆ. ಬ್ಯಾಂಡ್‌ಸಾ ಪಟ್ಟಿಗೆ ಒಂದು ಮೊಳೆ ಸಿಕ್ಕಿದರೆ ಅವತ್ತಿನ ಕೆಲಸ ಹೋಯಿತು. ಅದಕ್ಕೇ ಸಾಮಿಲ್ಲಿನವರು ರಸ್ತೆ ಮರ ಅಂದ ಕೂಡಲೇ ಆಗಲ್ಲ ಅನ್ನುತ್ತಾರೆ. ತುಂಡಿನ ತುದಿಯಲ್ಲಿ ನೀಲಿ ಮಿಶ್ರಿತ ಕಪ್ಪು ಕಲೆ ಇದ್ದರೆ ಒಳಗೆ ಕಬ್ಬಿಣ ಇದೆ ಅಂತ ಅರ್ಥ. ಮರದ ಒಗರಿಗೆ ಕಬ್ಬಿಣ ಸೇರಿ ಆಗುವ ಬಣ್ಣ ಅದು. ಮೊಳೆ ಹುಡುಕುವ ಸಣ್ಣ ಮೆಟಲ್ ಡಿಟೆಕ್ಟರ್ ತಗೊಂಡು ಹೋಗಿ ಅವರೆದುರೇ ಆಡಿಸಿ ತೋರಿಸಿದರೆ, ಕೆಲವರು ಒಪ್ಪುತ್ತಾರೆ.

ಮಾವಿನದು ಇನ್ನೊಂದು ತರಹ. ಕಡಿದು ಮಳೆಗೆ ಬಿಟ್ಟ ಮಾವಿಗೆ ಬೇಗ ಬೂಷ್ಟು ಹತ್ತುತ್ತದೆ. ಒಂದು ಬೂಷ್ಟಿನ ಸಂಸಾರ ಇನ್ನೊಂದಕ್ಕೆ ಎದುರಾದಲ್ಲಿ ಎರಡೂ ಬೇಲಿ ಹಾಕಿಕೊಳ್ಳುತ್ತವೆ. ಆ ಬೇಲಿಯೇ ಹಲಗೆಯಲ್ಲಿ ಕಾಣುವ ಕಪ್ಪು ಗೆರೆ, ಇಂಕ್ ಪೆನ್ನಿನಲ್ಲಿ ಬರೆದಷ್ಟು ಸಪೂರ. ಜೂನಿನಲ್ಲಿ ನೆಲಕ್ಕೆ ಬಿದ್ದ ಮಾವನ್ನು ದಸರಾ ಹೊತ್ತಿಗೆ ಸೀಳಿದರೆ ಗೆರೆಯೂ ಇರುತ್ತದೆ, ಮರವೂ ಗಟ್ಟಿ ಇರುತ್ತದೆ. ತುಂಬಾ ಕಾದರೆ ಉಗುರು ಒತ್ತಿದಲ್ಲಿ ಒಳಗೆ ಹೋಗುತ್ತದೆ, ಆಮೇಲೆ ಅದು ಗೊಬ್ಬರವೇ. ಸೀಳಿದ ಹಲಗೆಯ ತುದಿಗೆ ಹಳೇ ಪೇಂಟೋ ಮೇಣವೋ ಬಳಿದು, ನಡುವೆ ರೀಪು ಕೊಟ್ಟು, ನೆರಳಲ್ಲಿ ಅಟ್ಟಿ ಹಾಕಬೇಕು. ಇಂಚಿಗೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಕವಲು ಹಲಗೆಗೆ ಅದಕ್ಕಿಂತ ಜಾಸ್ತಿಯೇ ಬಿಡುತ್ತೇನೆ. ಅದರಲ್ಲಿ ನಾರು ಹತ್ತು ಕಡೆಗೆ ಎಳೆಯುತ್ತಿರುತ್ತದೆ, ಅವಸರ ಮಾಡಿದರೆ ನಡುವೆಯೇ ಸೀಳು ಬಿಡುತ್ತದೆ.

ಬೀಟೆ ಯಾಕೆ ಇಲ್ಲ ಅಂತ ಕೇಳುವವರಿದ್ದಾರೆ. ಬೀಟೆ ಬಿಟ್ಟರೆ ಮರವೇ ಇಲ್ಲ ಅನ್ನುವ ಕಾಲ ನನಗೂ ಇತ್ತು. ಆ ನೇರಳೆ ಕಪ್ಪು, ಕೊಯ್ಯುವಾಗಿನ ಸಿಹಿ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಆದರೆ ಮರ ಕಡಿಮೆಯಾಗಿದೆ, ಕಳ್ಳಸಾಗಣೆ ಜಾಸ್ತಿ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಊರೊಳಗೆ ಒಂದು ತುಂಡು ಸಾಗಿಸಲೂ ಅರಣ್ಯ ಇಲಾಖೆಯ ಪಾಸ್ ಬೇಕು. ಹಳೇ ಮಂಚದ ಕಾಲು ಅಂತ ಕೊಡುವವನ ಹತ್ತಿರ ಬಿಲ್ಲು ಕೇಳಿ ನೋಡಿ, ಮಾತು ಬದಲಾಯಿಸುತ್ತಾನೆ. ಬೀಟೆ ಬಿಟ್ಟ ಮೇಲೆ ನನಗೆ ಕಳೆದುಕೊಂಡ ಹಾಗೇನೂ ಅನ್ನಿಸಿಲ್ಲ. ಹಲಸು, ಮಾವು, ಸಿಲ್ವರ್ ಓಕ್, ಮಳೆ ಮರ, ಇಷ್ಟರಲ್ಲೇ ಕೈ ತುಂಬ ಕೆಲಸ ಇದೆ.

ಒಂದು ತಾಪತ್ರಯ ಮಾತ್ರ ಹೊಸದಾಗಿ ಶುರುವಾಗಿದೆ. ಆ ಕೊಪ್ಪದ ಸಾಹುಕಾರರು ಈಗ ಕವಲುಗಳನ್ನು ಸೌದೆಗೆ ಹಾಕುವುದಿಲ್ಲ. ಶೆಡ್ಡಿನ ಹಿಂದೆ ಬೇರೆಯೇ ಜೋಡಿಸಿಟ್ಟು, ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದಾರೆ. ಮೊನ್ನೆ ಒಂದು ಹಲಸಿನ ಕವಲಿಗೆ ಹೇಳಿದ ರೇಟು ಕೇಳಿ, ಇದು ಸೌದೆ ಅಲ್ವಾ ಅಂದೆ. "ನೀವೇ ತಾನೆ ಹೇಳಿದ್ದು ಅಲ್ಲ ಅಂತ. ಈಗ ಮಂಗಳೂರಿಂದನೂ ಇಬ್ಬರು ಬರ್ತಾರೆ" ಅಂದರು. ತುಂಬಾ ಹೊತ್ತು ಚೌಕಾಸಿ ಮಾಡಿದೆ. ಸೀಳುವ ಕೂಲಿಯಲ್ಲಿ ಒಂದಿಷ್ಟು ಬಿಟ್ಟರು, ಮರದ ರೇಟಿನಲ್ಲಿ ಒಂದು ರೂಪಾಯಿ ಇಳಿಸಲಿಲ್ಲ. ಮುಂದಿನ ವಾರ ಗಾಡಿ ಕಳಿಸುತ್ತೇನೆ ಅಂತ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ.